ಕುಂಬ್ರ ಜಂಕ್ಷನ್ನಿನ ಎರಡೂವರೆ ಅಡಿ ಗೆರೆ

ಜಸೀನಾ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಸೇರಿ ಆಗ ಮೂರು ತಿಂಗಳು. ಈ ಮೂರು ತಿಂಗಳಲ್ಲಿ ಅವಳು ಒಂದು ದಿನವೂ ಕಾಲೇಜಿಗೆ ತಡವಾಗಿ ಹೋದವಳಲ್ಲ. ಒಂದು ದಿನವೂ ಹೊತ್ತಿಗೆ ಸರಿಯಾಗಿ ಮನೆ ಬಿಟ್ಟವಳೂ ಅಲ್ಲ. ಈ ಎರಡರ ನಡುವಿನ ಅಂತರವನ್ನು ದಿನಾ ತುಂಬಿಸುತ್ತಿದ್ದದ್ದು ಬಾವನ ಆಟೋರಿಕ್ಷಾ.

ಬಾವ ಎಂಬುದು ಅವನ ಹೆಸರು; ಸಂಬಂಧದಲ್ಲಿ ಅವಳ ತಾಯಿ ರುಖಿಯಮ್ಮನ ತಮ್ಮ. ಕೆದಂಬಾಡಿಯಲ್ಲಿ ಇವರದ್ದೂ ಅವನದ್ದೂ ಅಕ್ಕಪಕ್ಕದ ಮನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಜಸೀನಾಳ ಓದಿನ ಮಟ್ಟಿಗೆ ಅವನ ಮಾತೇ ಕೊನೆಯ ಮಾತು. ಎಂಎಸ್ಸಿಗೆ ಅವಳನ್ನು ಮಂಗಳೂರಿಗೆ ಕಳಿಸುವುದೋ ಬೇಡವೋ ಎಂದು ಮನೆಯಲ್ಲಿ ಎರಡು ವಾರ ಚರ್ಚೆಯಾಗಿತ್ತು. ಹದಿನೈದನೇ ದಿನ ಬೆಳಿಗ್ಗೆ ಬಾವ ರಿಕ್ಷಾ ತಂದು ಅಂಗಳದಲ್ಲಿ ನಿಲ್ಲಿಸಿ, "ನೀವು ಚರ್ಚೆ ಮಾಡ್ತಾ ಇರಿ, ನಾವು ಅರ್ಜಿ ಕೊಟ್ಟು ಬರ್ತೇವೆ" ಎಂದು ಅವಳನ್ನು ಕೂರಿಸಿಕೊಂಡು ಹೊರಟೇಬಿಟ್ಟಿದ್ದ. ಈಗ ಅವಳು ಲೆಕ್ಚರರ್ ಆದ ಮೇಲೆ ರಿಕ್ಷಾದ ಹಿಂದಿನ ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿದ್ದ.

ಆ ಮಂಗಳವಾರ ಮಾತ್ರ ಅವಳಿಗೆ ತಡವಾದದ್ದಕ್ಕೆ ಕಾರಣ ಇತ್ತು. ಹಿಂದಿನ ದಿನ ಮೊದಲ ಪಿಯುಸಿಯವರಿಗೆ ದ್ರವ್ಯರಾಶಿ ಕೇಂದ್ರದ ವೇಗ ಕಂಡುಹಿಡಿಯುವ ಪಾಠ ಮಾಡಿದ್ದಳು. ಚಲಿಸುವ ಎರಡು ವಸ್ತುಗಳಿವೆ. ಒಂದೊಂದರ ತೂಕವನ್ನು ಅದರದರ ವೇಗದಿಂದ ಗುಣಿಸು, ಎರಡನ್ನೂ ಕೂಡಿಸು, ಒಟ್ಟು ತೂಕದಿಂದ ಭಾಗಿಸು. ಬಂದದ್ದೇ ಎರಡಕ್ಕೂ ಸೇರಿದ ಕೇಂದ್ರದ ವೇಗ. ಸೂತ್ರ ಬೋರ್ಡಿನ ಮೇಲೆ ಚೆನ್ನಾಗಿಯೇ ಬಂದಿತ್ತು. ಆದರೆ ಎರಡನೇ ಬೆಂಚಿನ ಭವಿತಾ ಎದ್ದು ನಿಂತು, "ಮೇಡಂ, ಎರಡು ಗಾಡಿ ಹೋಗ್ತಾ ಉಂಟು. ಕೇಂದ್ರ ಇರುದು ಅವುಗಳ ನಡುವೆ, ಖಾಲಿ ಜಾಗದಲ್ಲಿ. ಅಲ್ಲಿ ಎಂತದೂ ಇಲ್ಲ. ಇಲ್ಲದ್ದಕ್ಕೆ ವೇಗ ಹೇಗೆ ಬರುದು?" ಎಂದು ಕೇಳಿದ್ದಳು. ಜಸೀನಾ ಸೂತ್ರವನ್ನೇ ಇನ್ನೊಮ್ಮೆ ವಿವರಿಸಿದಳು. ಭವಿತಾ "ಸರಿ ಮೇಡಂ" ಎಂದು ಮರ್ಯಾದೆಯಿಂದ ಕೂತುಕೊಂಡು ಬರೆದುಕೊಂಡಳು. ಆ ಮರ್ಯಾದೆಯೇ ಜಸೀನಾಳಿಗೆ ರಾತ್ರಿಯಿಡೀ ಚುಚ್ಚುತ್ತಿತ್ತು.

ಹಾಗಾಗಿ ಬೆಳಿಗ್ಗೆ ಎದ್ದವಳೇ ಅಡುಗೆಮನೆಯ ನೆಲದಲ್ಲಿ ಕೂತು, ಎರಡು ಗೋಲಿಗಳಿಗೆ ರೊಟ್ಟಿಯ ಹಿಟ್ಟು ಮೆತ್ತಿ ಒಂದಕ್ಕೊಂದು ಉರುಳಿಸಿ ನೋಡುತ್ತಿದ್ದಳು. ಡಿಕ್ಕಿಯಾದ ಮೇಲೆ ಎರಡೂ ಅಂಟಿಕೊಂಡು ಒಟ್ಟಿಗೆ ಉರುಳಿದರೆ ಮಕ್ಕಳಿಗೆ ತೋರಿಸಬಹುದಿತ್ತು. ಅಂಟಿಕೊಳ್ಳಲಿಲ್ಲ. ಒಂದು ಗೋಲಿ ಗ್ರೈಂಡರಿನ ಅಡಿಗೆ ಹೋಯಿತು. "ಎಂಎಸ್ಸಿ ಮಾಡಿ ಗೋಲಿ ಆಡ್ಲಿಕ್ಕೆ ಕೂತಿದ್ದೀಯಾ? ಗಂಟೆ ನೋಡು" ಎಂದು ರುಖಿಯಮ್ಮ ಗದರಿದಾಗಲೇ ಅವಳಿಗೆ ಎಚ್ಚರ. ಹೊರಗೆ ಬಾವ ಎರಡು ಸಲ ಹಾರ್ನ್ ಹೊಡೆದಾಗಿತ್ತು.

"ಸ್ವಲ್ಪ ಜೋರು ಬಿಡಿ ಮಾಮ" ಎಂದಳು ಹತ್ತಿ ಕೂತವಳು. "ಮೊದಲ ಪೀರಿಯಡ್ ನನ್ನದೇ."

"ನೀನು ಪುಸ್ತಕ ನೋಡು ಮೋಳೆ. ರಸ್ತೆ ನಾನು ನೋಡ್ತೇನೆ" ಎಂದ ಬಾವ. ಅವನಿಗೆ ಅವಳು ಯಾವಾಗಲೂ ಮೋಳೆ, ಅಂದರೆ ಮಗಳು.

ಅವಳು ಪುಸ್ತಕ ನೋಡಿದಳು. ಕೆದಂಬಾಡಿ ಕಡೆಯ ಒಳರಸ್ತೆ ಇಳಿಜಾರಿನಲ್ಲಿ ಬಂದು ಕುಂಬ್ರದ ಹತ್ತಿರ ದೊಡ್ಡ ರಸ್ತೆಗೆ ಸೇರುತ್ತದೆ. ಕಾಲೇಜಿಗೆ ಹೋಗಬೇಕಾದರೆ ಅದನ್ನು ನೇರ ದಾಟಿ ಆಚೆ ಹೋಗಬೇಕು. ಅಷ್ಟರಲ್ಲಿ ಬಾವ "ಯಾ ಅಲ್ಲಾ" ಎಂದದ್ದು ಕೇಳಿಸಿತು, ಬ್ರೇಕು ಕಿರುಚಿತು, ಪುಸ್ತಕ ಕೈಯಿಂದ ಹಾರಿತು. ಮತ್ತೆ ನೋಡಿದರೆ ಅವಳ ಮೊಣಕಾಲು ಮುಂದಿನ ಸೀಟಿನ ಹಿಂಬದಿಗೆ ಒತ್ತಿಕೊಂಡಿತ್ತು. ರಿಕ್ಷಾದ ಮೂತಿ ಒಂದು ಸಣ್ಣ ಪಿಕಪ್ ಗಾಡಿಯ ಎಡ ಪಕ್ಕೆಗೆ, ಬಾಗಿಲ ಹಿಂದೆ, ಗಟ್ಟಿಯಾಗಿ ಸಿಕ್ಕಿಹಾಕಿಕೊಂಡಿತ್ತು. ಎರಡೂ ಗಾಡಿ ಒಟ್ಟಿಗೇ ಜಾರಿ, ರಸ್ತೆಗೆ ಓರೆಯಾಗಿ ನಿಂತಿದ್ದವು.

ಪುಣ್ಯಕ್ಕೆ ಯಾರಿಗೂ ಹೆಚ್ಚೇನೂ ಆಗಿರಲಿಲ್ಲ. ಬಾವನ ಮೊಣಕೈ ತರಚಿತ್ತು. ಪಿಕಪ್ಪಿನವನ ಹಣೆಗೆ ಸಣ್ಣ ಬುಗುಟು. ಅವನು ಸುಳ್ಯದ ಮಂಡೆಕೋಲಿನ ವೆಂಕಪ್ಪ ಗೌಡ. ಹಿಂದೆ ಮನೆ ಕಟ್ಟುವ ಕೆಂಪುಕಲ್ಲು ಹೇರಿಕೊಂಡು ಪುತ್ತೂರಿನ ಕಡೆ ಹೊರಟಿದ್ದ. ಇಬ್ಬರೂ ಇಳಿದು, ಒಬ್ಬರ ಮುಖ ಒಬ್ಬರು ನೋಡಿ, ಇಬ್ಬರಿಗೂ ಜೀವ ಇದೆ ಎಂದು ಖಾತ್ರಿಯಾದ ಕೂಡಲೇ ಜಗಳ ಶುರು ಮಾಡಿದರು.

"ಎಂತ ಮಾರಾಯ್ರೆ, ನಲವತ್ತರಲ್ಲಿ ಬಂದು ಗುದ್ದುದಾ? ಜಂಕ್ಷನ್ ಉಂಟು ಅಂತ ಗೊತ್ತಿಲ್ವಾ?" ಎಂದ ಬಾವ. "ನಾನು ಹತ್ತರಲ್ಲಿ ಬರ್ತಾ ಇದ್ದೆ, ಹತ್ತು."

"ಗುದ್ದಿದ್ದು ಯಾರು, ನೋಡಿ ನೀವೇ" ಎಂದ ವೆಂಕಪ್ಪ. "ನಾನು ಗಾಡಿ ನಿಲ್ಲಿಸಿಯೇ ಆಗಿತ್ತು. ನಿಂತ ಗಾಡಿಗೆ ಬಂದು ಹೊಡೆದ್ರಿ."

ಜಂಕ್ಷನ್ನಿನಲ್ಲಿ ಜನ ಸೇರಲು ಎಷ್ಟು ಹೊತ್ತು. ರಿಕ್ಷಾ ಸ್ಟ್ಯಾಂಡಿನವರು ಬಂದರು, ಬಸ್ಸಿಗೆ ಕಾಯುತ್ತಿದ್ದವರು ಬಂದರು, ಎದುರಿನ ಹಾರ್ಡ್‌ವೇರ್ ಅಂಗಡಿಯ ಅಬ್ದುಲ್ಲ ಕೈಯಲ್ಲಿದ್ದ ಪೈಪನ್ನು ಕೆಳಗಿಡದೇ ಬಂದ. ದೊಡ್ಡ ಗಾಡಿಯದ್ದೇ ತಪ್ಪು ಎಂದು ಕೆಲವರು, ಒಳರಸ್ತೆಯಿಂದ ಬಂದವನದ್ದೇ ತಪ್ಪು ಎಂದು ಕೆಲವರು. ನೋಡುನೋಡುತ್ತ ಜನ ಎರಡು ಗುಂಪಾಗಿ ನಿಲ್ಲತೊಡಗಿದರು. ಯಾರು ಯಾವ ಕಡೆ ನಿಂತರು ಎಂಬುದನ್ನು ಗಮನಿಸಬಾರದು ಎಂದುಕೊಂಡರೂ ಜಸೀನಾ ಗಮನಿಸಿದಳು. ಮಾತು ಗಾಡಿಯನ್ನು ಬಿಟ್ಟು ಬೇರೆಲ್ಲಿಗೋ ಹೋಗುವ ಲಕ್ಷಣ ಅವಳಿಗೆ ಕಾಣಿಸಿತು.

ಅವಳಿಗೆ ಇನ್ನೊಂದೂ ಕಾಣಿಸಿತು. ರಿಕ್ಷಾದ ಮುಂದಿನ ಚಕ್ರ ಬಾಗಿ, ಅದರ ಉಕ್ಕಿನ ರಿಮ್ಮು ಟಾರಿನ ಮೇಲೆ ಒಂದು ಬಿಳಿ ಗೆರೆ ಎಳೆದಿತ್ತು. ಎರಡು ಗಾಡಿ ಸಿಕ್ಕಿಹಾಕಿಕೊಂಡ ಜಾಗದಿಂದ ನಿಂತ ಜಾಗದವರೆಗೆ, ನೇರವಾದ, ಸ್ಪಷ್ಟವಾದ ಗೆರೆ. ಅದು ಬಾವ ಬಂದ ದಿಕ್ಕಿಗೂ ಇರಲಿಲ್ಲ, ವೆಂಕಪ್ಪ ಬಂದ ದಿಕ್ಕಿಗೂ ಇರಲಿಲ್ಲ. ಎರಡರ ಸರಿ ನಡುವೆ ಹೋಗಿತ್ತು. ಆ ಗೆರೆಯನ್ನು ಕಂಡ ಅರ್ಧ ನಿಮಿಷದಲ್ಲಿ ಅವಳಿಗೆ ಯಾರು ಎಷ್ಟು ಸುಳ್ಳು ಹೇಳುತ್ತಿದ್ದಾರೆ ಎಂದು ತಿಳಿದುಹೋಯಿತು. ತಿಳಿದದ್ದೇ ಕಷ್ಟವಾಯಿತು. ಸುಮ್ಮನೆ ಚೀಲ ಎತ್ತಿಕೊಂಡು ಕಾಲೇಜಿಗೆ ನಡೆದುಬಿಡಬಹುದಿತ್ತು. ಒಂದು ಕಿಲೋಮೀಟರೂ ಇಲ್ಲ.

ಅಷ್ಟರಲ್ಲಿ ಬಾವ ಅವಳ ಕಡೆ ಕೈ ತೋರಿಸಿದ. "ನನ್ನನ್ನು ನಂಬುದು ಬೇಡ. ನನ್ನ ಅಕ್ಕನ ಮಗಳು ಒಳಗೇ ಕೂತಿದ್ದಳು. ಲೆಕ್ಚರರ್. ಅವಳು ಸುಳ್ಳು ಹೇಳ್ತಾಳಾ? ಅವಳನ್ನೇ ಕೇಳಿ."

ಎಲ್ಲರೂ ಅವಳನ್ನು ನೋಡಿದರು. ವೆಂಕಪ್ಪ ಸಹ ನೋಡಿದ. ಇನ್ನು ಇಲ್ಲಿ ತನ್ನ ಪರ ಮಾತಾಡುವವರು ಯಾರೂ ಇಲ್ಲ ಎಂಬ ಮುಖ ಅವನದ್ದು.

"ನಾನು ರಸ್ತೆ ನೋಡ್ಲಿಲ್ಲ, ಪುಸ್ತಕ ನೋಡ್ತಾ ಇದ್ದೆ" ಎಂದಳು ಜಸೀನಾ. "ಕಣ್ಣಲ್ಲಿ ನೋಡಿದ್ದನ್ನು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ಆದ್ರೆ ಲೆಕ್ಕ ಮಾಡಿ ಹೇಳ್ಬಹುದು. ಗಾಡಿ ಯಾರೂ ಅಲ್ಲಾಡಿಸ್ಬೇಡಿ. ಅಬ್ದುಲ್ಲಾಕ, ಅಳೆಯುವ ಟೇಪು ಉಂಟಾ?"

ಹಾರ್ಡ್‌ವೇರ್ ಅಂಗಡಿಯಲ್ಲಿ ಟೇಪಿಲ್ಲದೆ ಇರುತ್ತದೆಯೇ. ತಂದದ್ದು ಹೊಸದು, ಪ್ಲಾಸ್ಟಿಕ್ ಕವರಿನೊಂದಿಗೆ. ಆ ಹೊತ್ತಿಗೆ ಕಾಲೇಜಿಗೆ ನಡೆದು ಹೋಗುತ್ತಿದ್ದ ಭವಿತಾ ಮತ್ತು ಅವಳ ಗೆಳತಿಯರು ತಮ್ಮ ಮೇಡಂ ನಡುರಸ್ತೆಯಲ್ಲಿ ನಿಂತದ್ದನ್ನು ಕಂಡು ಓಡಿಬಂದರು. ಜಸೀನಾ ಟೇಪಿನ ಒಂದು ತುದಿಯನ್ನು ಭವಿತಾಳ ಕೈಗೆ ಕೊಟ್ಟಳು. ಗೆರೆ ಅಳೆದಾಗ ಎರಡೂವರೆ ಅಡಿ. ಚೀಲದಿಂದ ಚಾಕ್‌ಪೀಸ್ ತೆಗೆದು, ಗೆರೆ ಶುರುವಾದ ಜಾಗದಿಂದ ಎರಡು ರಸ್ತೆಗಳ ದಿಕ್ಕಿಗೂ ಒಂದೊಂದು ಬಾಣ ಎಳೆದಳು. ಬಿಳಿ ಗೆರೆ ಎರಡು ಬಾಣಗಳ ಮಧ್ಯೆ ಸಮನಾಗಿ ಕೂತಿತು.

"ಈಗ ತೂಕ" ಎಂದಳು. "ವೆಂಕಪ್ಪಣ್ಣ, ಖಾಲಿ ಗಾಡಿ ಎಷ್ಟು ಬರ್ತದೆ?"

"ಎಂಟುನೂರೈವತ್ತು ಕಿಲೋ" ಎಂದ ವೆಂಕಪ್ಪ, ಅನುಮಾನದಿಂದಲೇ. "ಕಲ್ಲು ಹದಿನೆಂಟು. ಒಂದೊಂದು ಮೂವತ್ತೆರಡರ ಹತ್ತಿರ ಬೀಳ್ತದೆ. ನಾನು ಎಪ್ಪತ್ತು."

"ಹದಿನೈದು ನೂರು ಅಂತ ಇಡುವ. ರಿಕ್ಷಾ ಮುನ್ನೂರೈವತ್ತು. ನಾನು ಐವತ್ತೈದು. ಸೀಟಿನಡಿ ಒಂದು ಬಾಳೆಗೊನೆ ಉಂಟು, ಅದು ಹತ್ತು ಕಿಲೋ. ಮಾಮ, ನೀವು?"

"ಎಪ್ಪತ್ತೈದು" ಎಂದ ಬಾವ.

"ಮೊನ್ನೆ ನನ್ನ ಅಂಗಡಿಯ ತಕ್ಕಡಿಯಲ್ಲಿ ಎಂಬತ್ತೈದು ತೋರಿಸಿತ್ತಲ್ಲ ಬಾವಾಕ" ಎಂದ ಅಬ್ದುಲ್ಲ.

ಎರಡೂ ಗುಂಪಿನವರು ನಕ್ಕರು. ಜಸೀನಾ ಟಾರಿನ ಮೇಲೆ ಐನೂರು ಎಂದು ಬರೆದಳು.

"ನೋಡಿ" ಎಂದು ಅವಳು ಎದ್ದು ನಿಂತಳು. ಬೋರ್ಡಿನ ಮುಂದೆ ನಿಂತಂತೆಯೇ ಆಯಿತು. "ಎರಡು ಗಾಡಿ ಸಿಕ್ಕಿಹಾಕಿಕೊಂಡ ಮೇಲೆ ಅದಕ್ಕೊಂದು ಇದಕ್ಕೊಂದು ವೇಗ ಇಲ್ಲ. ಎರಡಕ್ಕೂ ಸೇರಿ ಒಂದೇ ವೇಗ. ಅದು ಡಿಕ್ಕಿಯಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಡಿಕ್ಕಿಗೆ ಮೊದಲು, ಎರಡೂ ಬೇರೆಬೇರೆ ಬರ್ತಾ ಇದ್ದಾಗಲೂ, ಎರಡರ ಒಟ್ಟು ಕೇಂದ್ರ ಇದೇ ದಿಕ್ಕಿಗೆ, ಇಷ್ಟೇ ವೇಗದಲ್ಲಿ ಹೋಗ್ತಾ ಇತ್ತು. ಆಗ ನಮಗೆ ಕಾಣ್ತಾ ಇರ್ಲಿಲ್ಲ. ಈಗ ಗೆರೆ ಬಿದ್ದದ್ದರಿಂದ ಕಾಣ್ತದೆ."

ಟೇಪು ಹಿಡಿದು ಕೂತಿದ್ದ ಭವಿತಾ ಒಮ್ಮೆ ಗೆರೆಯನ್ನೂ ಒಮ್ಮೆ ಮೇಡಮ್ಮಿನ ಮುಖವನ್ನೂ ನೋಡಿದಳು. ಈ ಸಲ "ಸರಿ ಮೇಡಂ" ಎನ್ನಲಿಲ್ಲ. "ಓ" ಎಂದಳು, ಅಷ್ಟೇ. ಜಸೀನಾಳಿಗೆ ಅದು ಸಾಕಾಗಿತ್ತು.

"ವೆಂಕಪ್ಪಣ್ಣನ ಗಾಡಿ ನಿಂತಿದ್ದರೆ, ಎರಡೂ ಮಾಮ ಬಂದ ದಿಕ್ಕಿಗೆ ನೇರ ಜಾರಬೇಕಿತ್ತು. ಓರೆಯಾಗಿ ಹೋಗಿದೆ. ಅಂದ್ರೆ ನಿಂತಿರ್ಲಿಲ್ಲ."

ರಿಕ್ಷಾ ಸ್ಟ್ಯಾಂಡಿನ ಕಡೆಯಿಂದ "ನೋಡಿ, ನೋಡಿ" ಎಂಬ ಸದ್ದು ಬಂತು. ಬಾವ ಎದೆ ಸೆಟೆಸಿದ.

"ಗೆರೆ ಎರಡು ದಿಕ್ಕಿನ ಸರಿ ನಡುವೆ ಉಂಟು" ಎಂದು ಅವಳು ಮುಂದುವರಿಸಿದಳು, ಬಾವನ ಕಡೆ ನೋಡದೆ. "ಅಂದ್ರೆ ಎರಡು ಗಾಡಿ ತಂದ ನೂಕು ಸಮ. ನೂಕು ಅಂದ್ರೆ ತೂಕ ಗುಣಿಸು ವೇಗ. ಪಿಕಪ್ಪು ರಿಕ್ಷಾದ ಮೂರು ಪಾಲು ತೂಕ. ಮೂರು ಪಾಲು ತೂಕದ ಗಾಡಿಯನ್ನು ಸರಿಸಮ ನೂಕಬೇಕಾದ್ರೆ ಸಣ್ಣ ಗಾಡಿ ಮೂರು ಪಾಲು ವೇಗದಲ್ಲಿ ಬಂದಿರ್ಬೇಕು."

ಎಲ್ಲರೂ ಒಳಗೊಳಗೇ ಲೆಕ್ಕ ಮಾಡುತ್ತಿದ್ದಂತಿತ್ತು.

"ಅವರು ನಲವತ್ತರಲ್ಲಿ ಬಂದ್ರು ಅಂತ ನೀವು ಹೇಳಿದ್ದು ಮಾಮ" ಎಂದಳು ಜಸೀನಾ ಮೆಲ್ಲಗೆ. "ಹಾಗಾದ್ರೆ ನೀವು ಬಂದದ್ದು ನೂರಿಪ್ಪತ್ತರಲ್ಲಿ."

ನಗು ಮೊದಲು ಹೊರಟದ್ದು ರಿಕ್ಷಾ ಸ್ಟ್ಯಾಂಡಿನವರಿಂದಲೇ. ಬಾವನ ರಿಕ್ಷಾ ಯಾವುದೇ ಇಳಿಜಾರಿನಲ್ಲಿ ಎಷ್ಟು ಓಡುತ್ತದೆ ಎಂದು ಅವರಿಗಲ್ಲದೆ ಇನ್ಯಾರಿಗೆ ಗೊತ್ತು. ಆಮೇಲೆ ಬಸ್ಸಿನವರು, ಆಮೇಲೆ ಅಬ್ದುಲ್ಲ, ಕೊನೆಗೆ ವೆಂಕಪ್ಪ ಕೂಡ ಬುಗುಟು ಹಿಡಿದುಕೊಂಡು ನಕ್ಕ. ಎರಡು ಗುಂಪು ಎಲ್ಲಿ ಬೇರೆಯಾಗಿ ನಿಂತಿತ್ತು ಎಂಬುದು ಗೊತ್ತಾಗದಂತೆ ಜನ ಬೆರೆತು ನಿಂತಿದ್ದರು. ಬಾವ ಒಬ್ಬನೇ ನಗಲಿಲ್ಲ. ಅವನ ಕಿವಿ ಕೆಂಪಾಗಿತ್ತು.

"ಹಾಗಾದ್ರೆ ನಿಜ ಎಷ್ಟು ಮೇಡಂ?" ಎಂದು ಭವಿತಾ ಕೇಳಿದಳು.

ಇಬ್ಬರೂ ಕೂತು ಟಾರಿನ ಮೇಲೆ ಲೆಕ್ಕ ಹಾಕಿದರು. ಟಯರು ಟಾರಿನ ಮೇಲೆ ಜಾರುವಾಗ ಎಷ್ಟು ಹಿಡಿತ ಸಿಗುತ್ತದೆ ಎಂಬ ಅಂದಾಜು ಪುಸ್ತಕದಲ್ಲಿತ್ತು. ಎರಡೂವರೆ ಅಡಿ ಜಾರಿ ನಿಲ್ಲಬೇಕಾದರೆ ಕೇಂದ್ರದ ವೇಗ ಗಂಟೆಗೆ ಹತ್ತೂವರೆ ಕಿಲೋಮೀಟರಿನ ಆಸುಪಾಸು. ಅದನ್ನು ಎರಡು ದಿಕ್ಕಿಗೆ ಬಿಡಿಸಿದರೆ ಒಂದೊಂದು ಕಡೆಗೆ ಏಳೂವರೆ. ಅದನ್ನು ಒಟ್ಟು ಎರಡು ಸಾವಿರ ಕಿಲೋದಿಂದ ಗುಣಿಸಿದರೆ ಹದಿನೈದು ಸಾವಿರ. ಐನೂರರಿಂದ ಭಾಗಿಸಿದರೆ ರಿಕ್ಷಾದ ವೇಗ, ಹದಿನೈದು ನೂರರಿಂದ ಭಾಗಿಸಿದರೆ ಪಿಕಪ್ಪಿನ ವೇಗ.

"ಮಾಮ ಮೂವತ್ತರಲ್ಲಿ ಬಂದದ್ದು. ವೆಂಕಪ್ಪಣ್ಣ ಹತ್ತರಲ್ಲಿ" ಎಂದಳು ಜಸೀನಾ. ಆಮೇಲೆ ಚಾಕ್‌ಪೀಸನ್ನು ಬೆರಳಲ್ಲಿ ತಿರುಗಿಸುತ್ತ, ಯಾರೂ ಕೇಳದೆಯೇ ಹೇಳಿದಳು: "ಜೋರು ಬಿಡಿ ಅಂತ ಹೇಳಿದ್ದು ನಾನು. ತಡ ಮಾಡಿದ್ದೂ ನಾನು. ದಿನಾ ಅವರು ಇಲ್ಲಿ ನಿಲ್ಲಿಸಿಯೇ ದಾಟುದು. ಹಾಗಾಗಿ ಈ ಮೂವತ್ತು ಅವರದ್ದು ಮಾತ್ರ ಅಲ್ಲ."

ವೆಂಕಪ್ಪ ಒಂದು ಹೆಜ್ಜೆ ಮುಂದೆ ಬಂದ. "ನಾನೂ ಎದುರು ನೋಡ್ತಾ ಇರ್ಲಿಲ್ಲ" ಎಂದ. "ಸಿಮೆಂಟ್ ಬೇಕಿತ್ತು. ಇವರ ಅಂಗಡಿ ತೆರೆದಿದೆಯಾ ಅಂತ ಬಲಗಡೆ ತಿರುಗಿ ನೋಡಿದ್ದು. ನಿಲ್ಲಿಸಿದ್ದೆ ಅಂತ ಬಾಯಿಗೆ ಬಂತು, ಹೇಳಿಬಿಟ್ಟೆ."

ಅದರ ಮೇಲೆ ಸ್ಟೇಷನ್ನಿಗೆ ಹೋಗುವ ಮಾತೇ ಬರಲಿಲ್ಲ. ಅವರವರ ಗಾಡಿ ಅವರವರು ಸರಿಮಾಡಿಸಿಕೊಳ್ಳುವುದೆಂದಾಯಿತು. ಹತ್ತು ಜನ ಸೇರಿ "ಐಸಾ" ಎಂದು ಎಳೆದು ಎರಡನ್ನೂ ಬಿಡಿಸಿದರು. ರಿಕ್ಷಾ ಉರುಳುವ ಸ್ಥಿತಿಯಲ್ಲಿರಲಿಲ್ಲ. ವೆಂಕಪ್ಪನೇ ಹಗ್ಗ ತೆಗೆದು, ಅದರ ಮುಂದಿನ ಭಾಗವನ್ನು ಎತ್ತಿ ತನ್ನ ಪಿಕಪ್ಪಿನ ಹಿಂದೆ ಕಟ್ಟಿ, "ಪುತ್ತೂರಿನ ಗ್ಯಾರೇಜಿಗೆ ಬಿಡ್ತೇನೆ, ಬನ್ನಿ ಮಾರಾಯ್ರೆ" ಎಂದ. ಬಾವ ಜಸೀನಾಳ ಕಡೆ ತಿರುಗಿಯೂ ನೋಡದೆ ಅವನ ಪಕ್ಕ ಹತ್ತಿ ಕೂತ. ಪಿಕಪ್ಪು ಹೊರಡುವಾಗ ಅವಳಿಗೆ ಬಾವನ ದನಿ ಕೇಳಿಸಿತು: "ಹೆಣ್ಣುಮಕ್ಕಳನ್ನು ಓದಿಸಿದ್ರೆ ಹೀಗೆ ನೋಡಿ." ವೆಂಕಪ್ಪ ಹೌದೆಂಬಂತೆ ತಲೆಯಾಡಿಸಿದ. ಒಂದು ಗಂಟೆಯ ಹಿಂದೆ ಕೊರಳಪಟ್ಟಿ ಹಿಡಿಯಲು ಹೊರಟಿದ್ದ ಇಬ್ಬರನ್ನು ಅವಳ ಮೇಲಿನ ಸಿಟ್ಟು ಒಂದುಮಾಡಿತ್ತು.

ಮನೆಯಲ್ಲಿ ರುಖಿಯಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. "ಊರವರ ಎದುರು ಸ್ವಂತ ಮಾಮನ ಮಾನ ತೆಗೆದವಳು" ಎಂದು ಸಾರಿನ ಪಾತ್ರೆಗೆ ಹೇಳಿದಂತೆ ಹೇಳಿದಳು. ಜಸೀನಾ ಅರ್ಧ ಗಂಟೆ ಮೊದಲೇ ಎದ್ದು, ಸಿಕ್ಕಿದ ಜೀಪಿನಲ್ಲಿ, ಸಿಗದಿದ್ದರೆ ನಡೆದು ಕಾಲೇಜಿಗೆ ಹೋಗುತ್ತಿದ್ದಳು. ಪಕ್ಕದ ಮನೆಯ ಅಂಗಳದಲ್ಲಿ ಬಾವ ಕಂಡರೂ ಅವನು ಬಾಳೆ ಬುಡವನ್ನು ಬಹಳ ಗಮನವಿಟ್ಟು ನೋಡುತ್ತಿದ್ದ. ಅವಳಿಗೆ ಮಾಡಿದ್ದು ತಪ್ಪೆನಿಸಲಿಲ್ಲ. ಆದರೆ ನೂರಿಪ್ಪತ್ತು ಎಂಬ ಮಾತು ಹೇಳುವಾಗ ತನಗೊಂದು ಖುಷಿಯೂ ಆಗಿತ್ತಲ್ಲ, ಜನ ನಗುತ್ತಾರೆಂದು ಗೊತ್ತಿದ್ದೇ ಹೇಳಿದ್ದಲ್ಲ ಎಂಬುದು ಒಳಗೇ ಕುಟುಕುತ್ತಿತ್ತು.

ಶುಕ್ರವಾರ ಸಂಜೆ ಅವಳೇ ಆಚೆ ಮನೆಗೆ ಹೋದಳು. ಬಾವ ಜಗಲಿಯಲ್ಲಿ ಮೊಣಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ.

"ಮಾಮ, ಲೆಕ್ಕ ಹೇಳಿದ್ದಕ್ಕೆ ನಾನು ಕ್ಷಮೆ ಕೇಳುದಿಲ್ಲ" ಎಂದಳು. "ನಗಿಸಿದ್ದಕ್ಕೆ ಕೇಳ್ತೇನೆ."

ಬಾವ ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿದ. "ಲೆಕ್ಕಕ್ಕೆ ನನಗೆ ಸಿಟ್ಟಿಲ್ಲ ಮೋಳೆ. ಜೋರು ಬಂದದ್ದು ನನಗೂ ಗೊತ್ತಿತ್ತು. ಆ ಗೌಡ್ರು ಪಾಪ, ಒಳ್ಳೆ ಜನ. ಗ್ಯಾರೇಜಿನಲ್ಲಿ ಸಂಜೆವರೆಗೆ ನನ್ನೊಟ್ಟಿಗೆ ಕೂತ್ರು." ಮತ್ತೆ ತಲೆಯೆತ್ತಿ ಹೇಳಿದ: "ಆದ್ರೆ ಈಗ ಸ್ಟ್ಯಾಂಡಲ್ಲಿ ನನಗೆ ಬಾವಾಕ ಅಂತ ಹೆಸರಿಲ್ಲ. ನೂರಿಪ್ಪತ್ತು ಅಂತ ಕರೀತಾರೆ. 'ನೂರಿಪ್ಪತ್ತು, ಚಾ ಕುಡಿಯುವನಾ' ಅಂತ. ಅದಕ್ಕೆಂತ ಮಾಡ್ತೀ?"

ಜಸೀನಾ ತುಟಿ ಕಚ್ಚಿಕೊಂಡಳು. ತಡೆಯಲಾಗಲಿಲ್ಲ. ಬಾವ ಅವಳನ್ನು ಗುರಾಯಿಸಿ ನೋಡಿದ, ಆಮೇಲೆ ಅವನ ಮೀಸೆಯೂ ಅಲುಗಿತು. ಒಳಗಿಂದ ಅವನ ಹೆಂಡತಿ ಬಂದು ನೋಡುವಾಗ ಇಬ್ಬರೂ ಜಗಲಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಹೊರಡುವ ಮುಂಚೆ ಜಸೀನಾ ಇನ್ನೊಂದು ವಿಷಯ ಹೇಳಿದಳು. ಜಂಕ್ಷನ್ನಿನ ಪಾಠದ ಸುದ್ದಿ ಪ್ರಿನ್ಸಿಪಾಲರವರೆಗೆ ಹೋಗಿ, ಇನ್ನೊಂದು ಸೆಕ್ಷನ್ನಿನವರಿಗೂ ಅದೇ ಉದಾಹರಣೆಯಲ್ಲಿ ಪಾಠ ಮಾಡಬೇಕೆಂದು ಅವರು ಹೇಳಿದ್ದರು. "ನಾಳೆ ಎರಡನೇ ಪೀರಿಯಡ್. ನೀವೂ ಬಂದ್ರೆ ಒಳ್ಳೆದಿತ್ತು" ಎಂದಳು.

"ನಾನಾ? ನಾಲ್ಕನೇ ಕ್ಲಾಸಿನವನು ಕಾಲೇಜಿಗೆ ಬಂದು ಎಂತ ಮಾಡುದು? ಹೋಗು ಹೋಗು" ಎಂದ ಬಾವ.

ಮರುದಿನ ಎರಡನೇ ಪೀರಿಯಡ್ಡಿಗೆ ಗಂಟೆ ಹೊಡೆದಾಗ ಅವನು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ತರಗತಿಯ ಬಾಗಿಲಲ್ಲಿ ನಿಂತಿದ್ದ. ಕೂತುಕೊಳ್ಳಿ ಎಂದರೆ ಕೊನೆಯ ಬೆಂಚಿನ ತುದಿಗೆ ಹೋಗಿ ಕೂತ. ಜಸೀನಾ ಬೋರ್ಡಿನ ಮೇಲೆ ಎರಡು ರಸ್ತೆ, ಎರಡು ಗಾಡಿ, ನಡುವಿನ ಗೆರೆ ಬರೆದು ಪಾಠ ಮಾಡುತ್ತಿದ್ದರೆ ಅವನು ಎರಡೂ ಕೈ ಬೆಂಚಿನ ಮೇಲಿಟ್ಟು ಒಂದು ಅಕ್ಷರ ಬಿಡದೆ ಕೇಳಿದ. ಕೊನೆಗೆ ತಾನೇ ಎದ್ದು ನಿಂತ.

"ಆ ರಿಕ್ಷಾ ನನ್ನದು" ಎಂದ ಮಕ್ಕಳಿಗೆ. "ಹತ್ತರಲ್ಲಿ ಬಂದದ್ದು ಅಂತ ನಾನು ಎಲ್ಲರ ಎದುರು ಹೇಳಿದೆ. ಬಂದದ್ದು ಮೂವತ್ತರಲ್ಲಿ. ಇದು ನಿಮ್ಮ ಮೇಡಂ ಹೇಳಿದ್ದು ಸರಿ."

ಮೂರನೇ ಬೆಂಚಿನಿಂದ ಮೋಕ್ಷಿತ್ ಕೈ ಎತ್ತಿದ. "ಮೂವತ್ತು ಅಂತ ನಿಮಗೆ ಆವಾಗಲೇ ಗೊತ್ತಿತ್ತಾ? ಮೀಟರ್ ನೋಡಿದ್ರಾ?"

"ಮೀಟರಿನ ಮುಳ್ಳು ಸತ್ತು ನಾಲ್ಕು ವರ್ಷ ಆಯ್ತು ಮಗ" ಎಂದ ಬಾವ. "ಜೋರು ಅಂತ ಗೊತ್ತಿತ್ತು. ಎಷ್ಟು ಜೋರು ಅಂತ ನನಗೇ ಗೊತ್ತಾದದ್ದು ಇವಳು ರಸ್ತೆಯಲ್ಲಿ ಬರೆದ ಮೇಲೆ."

ಮುಂದೆ ಪ್ರಶ್ನೆಗಳು ಅವನಿಗೇ ಬಂದವು. ಕಲ್ಲು ಇಲ್ಲದೆ ಪಿಕಪ್ಪು ಖಾಲಿಯಿದ್ದಿದ್ದರೆ ಗೆರೆ ಯಾವ ಕಡೆ ವಾಲುತ್ತಿತ್ತು, ಮಳೆಯಲ್ಲಿ ಟಾರು ಒದ್ದೆಯಾಗಿದ್ದರೆ ಎಷ್ಟು ಉದ್ದ ಜಾರುತ್ತಿತ್ತು. ಗೊತ್ತಿದ್ದಕ್ಕೆ ಬಾವ ತನ್ನ ಅನುಭವದಿಂದ ಹೇಳಿದ, ಗೊತ್ತಿಲ್ಲದ್ದಕ್ಕೆ ಜಸೀನಾಳ ಕಡೆ ನೋಡಿದ. ಅವಳು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದಳು. ಗಂಟೆ ಹೊಡೆದದ್ದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕಿಡಲಿಲ್ಲ.

ಪಾಠ ಮುಗಿದ ಮೇಲೆ ಪ್ರಿನ್ಸಿಪಾಲರು ಬಂದು ಬಾವನನ್ನು ಚಾ ಕುಡಿಯಲು ಸ್ಟಾಫ್ ರೂಮಿಗೆ ಕರೆದುಕೊಂಡು ಹೋದರು. ಜಸೀನಾ ಡಸ್ಟರು, ಪುಸ್ತಕ ಎತ್ತಿಕೊಂಡು ವರಾಂಡಕ್ಕೆ ಬಂದಾಗ ಸ್ಟಾಫ್ ರೂಮಿನ ಕಿಟಕಿಯಿಂದ ಅವನ ದನಿ ಕೇಳುತ್ತಿತ್ತು. ಇಳಿಜಾರಿನಲ್ಲಿ ಬ್ರೇಕು ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಎಂದು ಅವನು ರಸಾಯನಶಾಸ್ತ್ರದ ಲೆಕ್ಚರರಿಗೆ ನಿಧಾನವಾಗಿ ವಿವರಿಸುತ್ತಿದ್ದ. ಅವರು ನಡುನಡುವೆ ಹೂಂ ಎನ್ನುತ್ತಿದ್ದರು. ಅವಳು ಮುಂದಿನ ತರಗತಿಗೆ ಹೋದಳು.